ಗೂಗಲ್ ಸರ್ಚ್: ಸಣ್ಣ ಪ್ರಶ್ನೆಗೆ ಪಕ್ಕಾ, ಕವಲೊಡೆದ ಕೆಲಸಕ್ಕೆ ಅರೆಬರೆ

ಇಂಚನ್ನು ಸೆಂಟಿಮೀಟರ್‌ಗೆ ಬದಲಿಸಬೇಕು, ಇನ್ನೊಂದು ದೇಶದಲ್ಲಿ ಈಗ ಗಂಟೆ ಎಷ್ಟೆಂದು ನೋಡಬೇಕು. ಇಂಥ ಕೆಲಸದಲ್ಲಿ ಗೂಗಲ್ ಸರ್ಚ್‌ಗೆ ಹೆಸರಿಡುವಂತಿಲ್ಲ. ಎರಡು ಮೂರು ಪದ ಹೊಡೆದರೆ ಸಾಕು, ಒಂದು ಲಿಂಕನ್ನೂ ಒತ್ತದೆ ಕೆಲಸ ಮುಗಿಯುತ್ತದೆ.

ಕೆಲಸ ಕವಲೊಡೆದಾಗ ತೊಡಕು ಶುರು. ಲ್ಯಾಪ್‌ಟಾಪ್ ಆರಿಸುವುದನ್ನೇ ನೋಡಿ. ‘ಒಳ್ಳೆಯ ಲ್ಯಾಪ್‌ಟಾಪ್’ ಎಂದು ಹುಡುಕಿದರೆ ಜಾಹೀರಾತುಗಳು, ಒಂದರ ಪಡಿಯಚ್ಚಿನಂತೆ ಇನ್ನೊಂದಿರುವ ‘ಟಾಪ್ 10’ ಪಟ್ಟಿಗಳು. ನಾಲ್ಕಾರು ಪುಟ ಓದಿದ ಮೇಲೆ, ಕೆಲವು ಮಾಡೆಲ್‌ಗಳಲ್ಲಿ ರ್‍ಯಾಮನ್ನು, ಅಂದರೆ ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿಯನ್ನು, ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಹೆಚ್ಚಿಸಲಾಗದು ಎಂದು ತಿಳಿಯುತ್ತದೆ. ಅಲ್ಲಿಗೆ ಪ್ರಶ್ನೆಯೇ ಬದಲಾಯಿತು. ಮೊದಲು ಗೊತ್ತೇ ಇಲ್ಲದಿದ್ದ ಪದ ಹಿಡಿದು ಹುಡುಕಾಟ ಹೊಸದಾಗಿ ಹೊರಡುತ್ತದೆ. ಮಾಹಿತಿ ವಿಜ್ಞಾನಿ ಮಾರ್ಸಿಯಾ ಬೇಟ್ಸ್ 1989ರಲ್ಲೇ ಇದನ್ನು ಪೊದೆಯಿಂದ ಪೊದೆಗೆ ಹಣ್ಣು ಆಯುವುದಕ್ಕೆ ಹೋಲಿಸಿದ್ದರು. ಆಯುತ್ತಾ ಹೋದಂತೆ ಬೇಕಾದದ್ದು ಏನೆಂಬುದೂ ಬದಲಾಗುತ್ತದೆ.

ಸಾಮಾನ್ಯ ಸರ್ಚ್ ಬಾಕ್ಸ್ ಈ ಎಳೆ ಹಿಡಿದುಕೊಳ್ಳುವುದಿಲ್ಲ. ಅದಕ್ಕೇ ಹಲವರು ಎಲ್ಲ ಷರತ್ತನ್ನೂ ಒಂದೇ ಸಾಲಿಗೆ ತುರುಕುತ್ತಾರೆ: ತೂಕ, ಬ್ಯಾಟರಿ, ರ್‍ಯಾಮ್, ಪರದೆ. ಎಡವುವುದು ಇಲ್ಲೇ. ಪದ ಹೆಚ್ಚಿದಂತೆ ಗೂಗಲ್ ಕೆಲವನ್ನು ಕೈಬಿಡುತ್ತದೆ. ಫಲಿತಾಂಶದ ಕೆಳಗೆ ‘ಮಿಸ್ಸಿಂಗ್’ ಎಂದು ಬಂದು, ಪದದ ಮೇಲೆ ಗೆರೆ ಎಳೆದಿದ್ದರೆ ಆ ಪದ ಬಿಟ್ಟುಹೋಗಿದೆ ಎಂದರ್ಥ. ಇದನ್ನು ಗಮನಿಸದೆ ಲಿಂಕ್ ಒತ್ತಿದರೆ ಹತ್ತು ನಿಮಿಷ ದಂಡ.

ಒಂದು ಹುಡುಕಾಟಕ್ಕೆ ಒಂದೇ ಷರತ್ತು ಇರಲಿ. ಬಿಡಲೇಬಾರದ ಪದವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಬೇಡದ ಪದದ ಮುಂದೆ ಮೈನಸ್ ಹಾಕುವಾಗ ನಡುವೆ ಜಾಗ ಬಿಡಬೇಡಿ, ಬಿಟ್ಟರೆ ಅದು ಕೆಲಸ ಮಾಡದು. ಸಮಾನಾರ್ಥಕ ಪದಗಳು ನುಸುಳುತ್ತಿದ್ದರೆ ‘ಟೂಲ್ಸ್’ನಲ್ಲಿ ‘ವರ್ಬೇಟಿಮ್’ ಆರಿಸಿ. 2024ರಲ್ಲಿ ಬಂದ ‘ವೆಬ್’ ಫಿಲ್ಟರ್ ಬರಿ ಲಿಂಕ್‌ಗಳನ್ನು ತೋರಿಸುತ್ತದೆ. ಹೋಲಿಕೆಯ ಕೆಲಸಕ್ಕೆ ನಿಜಕ್ಕೂ ಉಪಕಾರಿ.

ಅದೇ ವರ್ಷ ಮೇಲ್ಗಡೆ ಕಾಣಿಸಿಕೊಂಡ ಎಐ ಸಾರಾಂಶದ ಬಗ್ಗೆ ಮಾತ್ರ ಎಚ್ಚರ ಬೇಕು. ಹೊಸ ವಿಷಯದ ಪದಗಳ ಪರಿಚಯಕ್ಕೆ ಅದು ಒಳ್ಳೆಯದೇ. ಆದರೆ ಉತ್ತರ ಪೂರ್ತಿಯಾದಂತೆ ಕಾಣುವುದರಿಂದ ಹುಡುಕಾಟ ಅರ್ಧಕ್ಕೇ ನಿಂತುಬಿಡುತ್ತದೆ. ಮಾಡೆಲ್ ಸಂಖ್ಯೆಯ ಒಂದು ಅಕ್ಷರ ಬದಲಾದರೂ ರ್‍ಯಾಮ್ ಜೋಡಣೆ ಬೇರೆ ಇರಬಹುದು, ಹಾಗಾಗಿ ತಯಾರಕರ ಪುಟವನ್ನೇ ತೆರೆದು ನೋಡಬೇಕು.

ಬ್ರೌಸರ್ ಹಿಸ್ಟರಿಯಲ್ಲಿ ಪುಟ ಉಳಿಯುತ್ತದೆ, ಅದನ್ನು ಬಿಟ್ಟ ಕಾರಣ ಉಳಿಯುವುದಿಲ್ಲ. ಪಕ್ಕದಲ್ಲೊಂದು ಹಾಳೆ ಇಟ್ಟು ಮಾಡೆಲ್, ಪರೀಕ್ಷಿಸಿದ ಷರತ್ತು, ಕೈಬಿಟ್ಟ ಕಾರಣ ಮೂರನ್ನೂ ಬರೆದುಕೊಳ್ಳಿ. ಇಲ್ಲದಿದ್ದರೆ ಮರುದಿನ ಅದೇ ಪುಟವನ್ನು ಮೊದಲಿನಿಂದ ಓದಬೇಕಾಗುತ್ತದೆ.