ವಾರಸಿನಲ್ಲಿ ಬಂದ ಲಂಡನ್ನಿನ ಮನೆ: ಬಾಡಿಗೆಗೋ, ಮಾರಾಟಕ್ಕೋ?

ಅಲ್ಲಿ ತೀರಿಕೊಂಡ ಚಿಕ್ಕಪ್ಪನ ಮನೆ ಮಡಿಕೇರಿಯ ನಿಮಗೆ ಬಂದರೆ ಇಟ್ಟುಕೊಳ್ಳಲು ಫೆಮಾ (ವಿದೇಶಿ ವಿನಿಮಯ ನಿರ್ವಹಣೆ) ಕಾಯ್ದೆಯ 6(4)ನೇ ಕಲಮಿನಲ್ಲೇ ಅವಕಾಶವಿದೆ. ಎರಡಕ್ಕೂ ಮೊದಲು ಪ್ರೊಬೇಟ್, ಅಂದರೆ ತೀರಿಕೊಂಡವರ ಆಸ್ತಿ ವಹಿಸಿಕೊಳ್ಳಲು ಅಲ್ಲಿ ಕೊಡುವ ಕಾನೂನು ಅಧಿಕಾರಪತ್ರ, ಬೇಕು. ನಾಡಕಚೇರಿಯ ವಂಶವೃಕ್ಷ ತೋರಿಸಿ ಖಾತೆ ಬದಲಿಸಿದಂತಲ್ಲ.

ಬಾಡಿಗೆಗೆ ಕೊಟ್ಟರೆ, ಅಲ್ಲಿನ ತೆರಿಗೆ ಇಲಾಖೆಯ ಒಪ್ಪಿಗೆಪತ್ರ ಪಡೆಯದಿದ್ದರೆ ಬಾಡಿಗೆ ಏಜೆಂಟ್ ಖರ್ಚು ಕಳೆದು ಶೇ 20 ತೆರಿಗೆ ಮುರಿದುಕೊಳ್ಳುತ್ತಾನೆ. ಇಲ್ಲಿನ ರಿಟರ್ನ್‌ನಲ್ಲೂ ಪ್ರತಿವರ್ಷ ವಿದೇಶಿ ಆಸ್ತಿ ತೋರಿಸಲೇಬೇಕು.

ಮಾರಿದರೆ 60 ದಿನದೊಳಗೆ ಅಲ್ಲಿನ ತೆರಿಗೆ ಇಲಾಖೆಗೆ ವರದಿ ಕೊಡಬೇಕು, ತೆರಿಗೆ ಇಲ್ಲದಿದ್ದರೂ. ಎಡವುವುದು ಇಲ್ಲಿ: ಬ್ರಿಟನ್ ಲಾಭವನ್ನು ಸಾವಿನ ದಿನದ ಬೆಲೆಯಿಂದ ಲೆಕ್ಕಹಾಕುತ್ತದೆ, ಭಾರತ ಚಿಕ್ಕಪ್ಪ ಕೊಂಡ ಬೆಲೆಯಿಂದ. ಅಲ್ಲಿ ಸೊನ್ನೆಯಾದ ತೆರಿಗೆ ಇಲ್ಲಿ ಲಕ್ಷಗಟ್ಟಲೆ ಬರಬಹುದು. ಹಳೆಯ ಕ್ರಯಪತ್ರ ಹುಡುಕಿಡಿ. ಅಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ, ಆದರೂ ಮಾರುವುದೇ ವಾಸಿ.