ಸೂಳೆಕೆರೆಗೆ ಹೋದವರು ತೂಬಿನ ಬಳಿ ಕೂರಬೇಕು

ಕಾಗದಪತ್ರಗಳಲ್ಲಿ ಇದು ಶಾಂತಿಸಾಗರ. ಆದರೆ ದಾವಣಗೆರೆಯಿಂದ ಚನ್ನಗಿರಿ ಬಸ್ಸು ಹತ್ತಿ ಆ ಹೆಸರು ಹೇಳಿದರೆ ಕಂಡಕ್ಟರ್ ಒಂದು ಕ್ಷಣ ಮುಖ ನೋಡಿ, 'ಸೂಳೆಕೆರೆಗಾ?' ಎಂದು ಕೇಳಿಯೇ ಟಿಕೆಟ್ ಕೊಡುತ್ತಾರೆ. ಶಾಂತವ್ವ ಎಂಬ ರಾಜಕುಮಾರಿ ಕೆರೆ ಕಟ್ಟಿಸಲು ಹೊರಟಾಗ ಜಾಗ ಬಿಟ್ಟುಕೊಡಬೇಕಿದ್ದ ಸೂಳೆಯರು, ಕೆರೆಗೆ ತಮ್ಮ ಹೆಸರೇ ಉಳಿಯಬೇಕೆಂದು ಕರಾರು ಹಾಕಿದರಂತೆ. ಆ ಕರಾರನ್ನು ಊರಿನ ಬಾಯಿ ಇಂದಿಗೂ ಮುರಿದಿಲ್ಲ.

ಮೊದಲ ಸಲ ಬಂದವರು ಇದನ್ನು ತಾನಾಗಿಯೇ ಆದ ಸರೋವರವೆಂದು ತಿಳಿದರೆ ಅವರ ತಪ್ಪಲ್ಲ. ಸುಮಾರು 27 ಚದರ ಕಿಲೋಮೀಟರ್ ಹರಡಿಕೊಂಡು, ಸುತ್ತಳತೆ 64 ಕಿಲೋಮೀಟರ್ ಎನಿಸಿಕೊಂಡ ಈ ನೀರಿಗೆ ಎದುರು ದಡವೇ ಸರಿಯಾಗಿ ಕಾಣುವುದಿಲ್ಲ. ಇಷ್ಟನ್ನೂ ಹಿಡಿದು ನಿಲ್ಲಿಸಿರುವುದು ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಹಾಕಿದ, ಸಾವಿರ ಅಡಿಯೂ ಇಲ್ಲದ ಒಂದು ಏರಿ. ಹನ್ನೆರಡನೆಯ ಶತಮಾನದ್ದೆಂದು ಹೇಳುವ ಈ ಕಟ್ಟೆಯಲ್ಲಿ ನನಗೆ ಬೆರಗು ತರುವುದು ಅದರ ಗಾತ್ರಕ್ಕಿಂತ, ಆ ಇಕ್ಕಟ್ಟನ್ನು ಹುಡುಕಿ ಗೊತ್ತುಮಾಡಿದ ಕಣ್ಣು.

ಏರಿಯಲ್ಲಿ ಸಿದ್ಧನ ತೂಬು, ಬಸವನ ತೂಬು ಎಂದು ಎರಡಿವೆ. ಬಂದವರಲ್ಲಿ ಹೆಚ್ಚಿನವರು ಫೋಟೊ ತೆಗೆಸಿಕೊಂಡು ಸಿದ್ಧೇಶ್ವರನ ಗುಡಿಗೆ ಕೈಮುಗಿದು ಹೊರಟುಬಿಡುತ್ತಾರೆ. ನಾನಂತೂ ತೂಬಿನ ಸಮೀಪದ ಕಲ್ಲುಕಟ್ಟಣೆಯ ಮೇಲೆ ಎರಡು ಗಂಟೆ ಕುಳಿತಿದ್ದೆ. ನೀರು ಇಳಿದಿದ್ದರಿಂದ ಕಲ್ಲುಗಳ ಮೇಲೆ ಅದು ನಿಂತು ಹೋದ ಬಿಳಿಯ ಗೆರೆಗಳು ಒಂದರ ಕೆಳಗೊಂದು ಕಾಣುತ್ತಿದ್ದವು. ನೀರುಕಾಗೆಯೊಂದು ಮುಳುಗಿ, ನಾನು ಎಣಿಸಿದ ಜಾಗದಲ್ಲಿ ಏಳದೆ ಇಪ್ಪತ್ತು ಮಾರು ಆಚೆ ಮೀನು ಕಚ್ಚಿಕೊಂಡು ಎದ್ದಿತು. ಆಮೇಲೆ ಬಂಡೆಯೇರಿ, ಒದ್ದೆ ಬಟ್ಟೆ ಹರವಿದಂತೆ ರೆಕ್ಕೆ ಬಿಡಿಸಿ ಬಿಸಿಲಿಗೆ ನಿಂತಿತು. ತೆಪ್ಪದಲ್ಲಿ ಬಲೆ ಎಳೆಯುತ್ತಿದ್ದವರ ಮಾತು ನೀರಿನ ಮೇಲೆ ಜಾರಿ ಬಂದು ಪಕ್ಕದಲ್ಲೇ ಆಡಿದಂತೆ ಕೇಳುತ್ತಿತ್ತು.

ಕೊರತೆಗಳೂ ಇವೆ. ಏರಿಯ ಮೇಲೆಯೇ ವಾಹನಗಳು ಓಡಾಡುವುದರಿಂದ ಮಕ್ಕಳ ಕೈ ಬಿಡುವಂತಿಲ್ಲ. ಹೆಂಗಸರಿಗೆ ಶೌಚಾಲಯದ ತಾಪತ್ರಯ ನಾನು ಹೋದ ದಿನ ಎದ್ದು ಕಂಡಿತು. ಗೂಡಂಗಡಿಯೊಂದರ ಮಂಡಕ್ಕಿ, ಮಿರ್ಚಿ ಬಿಸಿಯಾಗಿ, ನಮ್ಮ ದಾವಣಗೆರೆಯ ಬಾಯಿಗೂ ಒಪ್ಪುವಂತಿದ್ದವು. ಆದರೆ ತಿಂದವರು ಬಿಸಾಡಿದ ತಟ್ಟೆಗಳು ಗಾಳಿಗೆ ನೇರವಾಗಿ ನೀರಿಗೇ ಇಳಿಯುತ್ತಿದ್ದವು. ಚಿತ್ರದುರ್ಗದ ಮನೆಗಳ ನಲ್ಲಿಗೂ ನೀರು ಕೊಡುವ ಕೆರೆ ಇದು.

ನನ್ನ ದೊಡ್ಡ ತಕರಾರು ಬೇರೆಯದು. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರವೂ ಮನುಷ್ಯರೇ ಕಟ್ಟಿದ ಕೆರೆ, ವಿಸ್ತಾರ ನೂರು ಹೆಕ್ಟೇರೂ ಇಲ್ಲ. ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಗಿ, 2024ರಲ್ಲಿ ಜಗತ್ತಿನ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಯನ್ನೂ ಸೇರಿತು. ವಿಸ್ತಾರದಲ್ಲಿ ಅದರ ಇಪ್ಪತ್ತೈದರಷ್ಟಕ್ಕೂ ಮಿಗಿಲಾದ ಸೂಳೆಕೆರೆಯಲ್ಲಿ ಮಾತ್ರ ಅಂಚಿನ ಒತ್ತುವರಿಯ ದೂರು ಇನ್ನೂ ಹಳೆಯದಾಗುತ್ತಲೇ ಇದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ನಾಲ್ಕೂ ಕೆರೆಗೇ. ಮಳೆಗಾಲ ಮುಗಿದ ಮೇಲೆ, ಭಾನುವಾರ ಬಿಟ್ಟು, ಬೆಳಿಗ್ಗೆ ಎಂಟರೊಳಗೆ ತಲುಪುವಂತೆ ಹೊರಡಿ. ಕುಡಿಯುವ ನೀರನ್ನೂ ಕಸ ತುಂಬಿ ತರಲು ಒಂದು ಚೀಲವನ್ನೂ ಮನೆಯಿಂದಲೇ ಒಯ್ಯಿರಿ.