ನಮ್ಮ ಕೆಂಪಿಗೆ ಮೊಟ್ಟೆ ಸಿಕ್ಕಿಹಾಕಿಕೊಂಡದ್ದು: ಪಂಚಾಯತಿನ ಮೃಗಾಸ್ಪತ್ರೆ ಮತ್ತೆ ಮನೆ ಆರೈಕೆಯ ಸಾಮಾನುಗಳ ರಿವ್ಯೂ

ನಾವಿರುದು ಕಾಸರಗೋಡಿನ ಒಳಭಾಗದಲ್ಲಿ, ಅಡಿಕೆ ತೋಟದ ಮಧ್ಯೆ ಮನೆ. ಇದು ಪಂಚಾಯತಿನ ಮೃಗಾಸ್ಪತ್ರೆಗೆ ಕೋಳಿ ತಗೊಂಡು ಹೋದ ಅನುಭವ, ಮತ್ತೆ ಆ ವಾರ ಮನೆಗೆ ತಂದ ಸಾಮಾನುಗಳಲ್ಲಿ ಯಾವುದು ಉಪಯೋಗಕ್ಕೆ ಬಂತು ಯಾವುದು ದಂಡ ಅಂತ. ಆಸ್ಪತ್ರೆ ಹೆಸರು ಹಾಕುದಿಲ್ಲ, ಯಾಕಂದ್ರೆ ಕೊನೆಗೆ ಹೇಳುವ ಒಂದೆರಡು ಕೊರತೆ ಅದೊಂದರದ್ದೇ ಅಲ್ಲ, ನಮ್ಮ ಕಡೆಯ ಸುಮಾರು ಆಫೀಸುಗಳದ್ದೂ ಹೌದು. ಐದರಲ್ಲಿ ನಾಲ್ಕೂವರೆ ಕೊಡ್ತೇನೆ.

ಕೆಂಪಿ ನಮ್ಮ ಕೋಳಿ, ಬಿ.ವಿ. 380 ಅನ್ನುವ ಮೊಟ್ಟೆ ಕೋಳಿ ಜಾತಿಯದ್ದು. ಎರಡು ವರ್ಷದ ಹಿಂದೆ ಐದು ಮರಿ ತಂದದ್ದು, ಅದರಲ್ಲಿ ಎರಡನ್ನು ಕೀರಿ ಹಿಡಿಯಿತು, ಉಳಿದ ಮೂರರಲ್ಲಿ ಇವಳು ಒಬ್ಬಳು. ಅಮ್ಮ ಹೆರೆಮಣೆಯಲ್ಲಿ ಕಾಯಿ ಹೆರೆಯುವ ಶಬ್ದ ಕೇಳಿದ್ರೆ ಸಾಕು, ತೋಟದ ಯಾವ ಮೂಲೆಯಲ್ಲಿದ್ರೂ ಓಡಿ ಬಂದು ಅಡುಗೆ ಮನೆ ಮೆಟ್ಟಲಲ್ಲಿ ನಿಲ್ತಾಳೆ. ಮಗಳು ಐದನೇ ಕ್ಲಾಸು, ಶಾಲೆಯಿಂದ ಬಂದು ಬ್ಯಾಗ್ ಇಡುವ ಮೊದಲು ಇವಳನ್ನು ಎತ್ತಿಕೊಳ್ಳಬೇಕು.

ವಿಷು ಕಳೆದು ನಾಲ್ಕನೇ ದಿನ. ಆ ಬಿಸಿಲು ಹೇಳಿ ಪ್ರಯೋಜನ ಇಲ್ಲ, ಕೋಳಿಗಳೆಲ್ಲ ಬಾಯಿ ಕಳ್ದು ಏದುಸಿರು ಬಿಡ್ತಾ ಬಾಳೆ ಬುಡದಲ್ಲೇ ಇರ್ತಿದ್ದವು. ಅಮ್ಮ ಕಾಯಿ ಹೆರೆದು ಮುಗಿಸಿದ್ರೂ ಕೆಂಪಿ ಬರ್ಲಿಲ್ಲ. ಹೋಗಿ ನೋಡಿದ್ರೆ ಗೂಡಿನ ಹಿಂದೆ ನೆಟ್ಟಗೆ ನಿಂತಿದ್ದಾಳೆ, ಬಾಲ ಕೆಳಗೆ ಜೋತು ಬಿದ್ದಿದೆ, ಕಣ್ಣು ಅರ್ಧ ಮುಚ್ಚಿದೆ, ಆಗಾಗ ಮುಕ್ಕುವ ಹಾಗೆ ಮೈ ಬಿಗಿ ಹಿಡಿತಾಳೆ, ಹಿಂದಿನಿಂದ ಸ್ವಲ್ಪ ಬಿಳಿ ನೀರು ಬಿಟ್ರೆ ಬೇರೇನೂ ಇಲ್ಲ. ಅಮ್ಮ ಹೇಳಿದ್ರು ಕಾವಿಗೆ ಕೂತದ್ದಿರ್ಬೇಕು ಅಂತ. ಆದ್ರೆ ಕಾವಿಗೆ ಕೂತ ಕೋಳಿ ಕೈ ಹತ್ತಿರ ತಂದ್ರೆ ಮೈ ಉಬ್ಬಿಸಿ ಕುಟ್ಟಲಿಕ್ಕೆ ಬರ್ತದೆ, ಗೂಡು ಬಿಟ್ಟು ಏಳುದಿಲ್ಲ. ಇವಳು ನಿಂತೇ ಇದ್ದಾಳೆ, ಎತ್ತಿದ್ರೆ ಒಂದು ಶಬ್ದ ಇಲ್ಲ. ಬಿ.ವಿ. 380 ಕಾವಿಗೆ ಕೂರುದೂ ಭಾರೀ ಅಪರೂಪ, ಮೊಟ್ಟೆಗೇ ಅಂತ ಮಾಡಿದ ಜಾತಿ ಅದು.

ಪಕ್ಕದ ಮನೆ ಅಕ್ಕ ಬಂದು ನೋಡಿ, ಇನ್ನು ಉಳಿಯುದಿಲ್ಲ, ಜೀವ ಇರುವಾಗಲೇ ಕೊಯ್ದು ಪದಾರ್ಥ ಮಾಡಿಬಿಡಿ ಅಂದ್ರು. ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ, ಇಲ್ಲಿ ಎಲ್ಲರೂ ಹಾಗೇ ಮಾಡುದು. ಆದ್ರೆ ಮಗಳು ಅದನ್ನು ಕೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಆ ರಾತ್ರಿ ಪೇಟೆಯ ಒಂದು ಪೆಟ್ ಕ್ಲಿನಿಕ್ಕಿಗೆ ಫೋನ್ ಮಾಡಿದೆ, ನಾವು ನಾಯಿ ಬೆಕ್ಕು ಮಾತ್ರ ನೋಡುದು ಅಂತ ಅರ್ಧ ಮಾತಲ್ಲೇ ಇಟ್ಟುಬಿಟ್ರು. ಕೋಳಿಗೆ ನೋವಾಗುದಿಲ್ವಾ? ಆ ಫೋನು ಇಟ್ಟ ಮೇಲೆ ನನಗೆ ತುಂಬಾ ಹೊತ್ತು ಮನಸ್ಸು ಸರಿ ಇರ್ಲಿಲ್ಲ.

ಬೆಳಿಗ್ಗೆ ಮೃಗಾಸ್ಪತ್ರೆಗೆ ಹೊರಟೆವು. ಇಲ್ಲಿ ಮೊದಲ ದಂಡದ ಸಾಮಾನು: ಆನ್‌ಲೈನಲ್ಲಿ ತರಿಸಿ ಇಟ್ಟಿದ್ದ ಪ್ಲಾಸ್ಟಿಕ್ ಕ್ಯಾರಿಯರ್. ಬಾಗಿಲಿನ ಕ್ಲಿಪ್ಪು ಎರಡನೇ ಸಲಕ್ಕೇ ತುಂಡಾಯ್ತು, ತಳ ಜಾರ್ತದೆ, ಕೋಳಿಗೆ ಕಾಲು ಊರ್ಲಿಕ್ಕೇ ಆಗುದಿಲ್ಲ. ಕೊನೆಗೆ ಟೊಮೆಟೊ ಬರುವ ಕ್ರೇಟಿಗೆ ಹಳೆ ಗೋಣಿ ಹಾಸಿ, ಮೇಲೆ ಬೈರಾಸು ಮುಚ್ಚಿ ಹಗ್ಗ ಕಟ್ಟಿ ಆಟೋದಲ್ಲಿ ಇಟ್ಟದ್ದು. ಕತ್ತಲೆ ಆದ್ರೆ ಕೋಳಿ ಸುಮ್ಮನಿರ್ತದೆ, ಗಾಳಿಯೂ ಆಡ್ತದೆ. ಕ್ಯಾರಿಯರಿಗೆ ದುಡ್ಡು ಹಾಕ್ಬೇಡಿ.

ಆಸ್ಪತ್ರೆಯಲ್ಲಿ ನಮ್ಮ ಮುಂದೆ ಒಂದು ಆಡು, ಎರಡು ನಾಯಿ, ಮತ್ತೆ ಹಸುವಿಗೆ ಮದ್ದು ಕೇಳ್ಲಿಕ್ಕೆ ಬಂದ ನಾಲ್ಕೈದು ಜನ. ಕೋಳಿ ತಂದದ್ದಕ್ಕೆ ಯಾರಾದ್ರೂ ನಗ್ತಾರೋ ಅಂತ ಮಗಳಿಗೆ ಹೆದರಿಕೆ ಇತ್ತು. ಡಾಕ್ಟ್ರು ಮಲಯಾಳದವರು, ಸಣ್ಣ ಪ್ರಾಯ. ಕ್ರೇಟ್ ಮೇಜಿಗೆ ಇಟ್ಟದ್ದೇ, ಬೈರಾಸು ಸರಿಸಿ, "ಕೋಳಿಕ್ಕ್ ಎಂದಾ ಪಟ್ಟಿಯೇ ಮೋಳೇ?" (ಕೋಳಿಗೆ ಏನಾಯ್ತು ಮಗಳೇ) ಅಂತ ನನ್ನನ್ನು ಬಿಟ್ಟು ಮಗಳನ್ನೇ ಕೇಳಿದ್ರು. ಅವಳು ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಎಲ್ಲ ಹೇಳಿದಳು: ಯಾವಾಗಿಂದ ತಿನ್ನುದು ಬಿಟ್ಟದ್ದು, ಕೊನೆ ಮೊಟ್ಟೆ ಯಾವತ್ತು ಇಟ್ಟದ್ದು, ಹಿಕ್ಕೆ ಯಾವ ಬಣ್ಣ. ಡಾಕ್ಟ್ರು ಒಂದನ್ನೂ ತಳ್ಳಿ ಹಾಕದೆ ಬರ್ಕೊಂಡ್ರು. ನನ್ನ ನಾಲ್ಕೂವರೆ ಸ್ಟಾರಲ್ಲಿ ಎರಡು ಸ್ಟಾರು ಈ ಐದು ನಿಮಿಷಕ್ಕೇ.

ಮೊದಲು ರಾಣಿಕೇತದ ಲಸಿಕೆ ಆಗಿದೆಯಾ ಕೇಳಿದ್ರು, ಹಸಿರು ಹಿಕ್ಕೆ, ಕುತ್ತಿಗೆ ತಿರುಚುದು, ಉಸಿರಿನ ಶಬ್ದ ಎಲ್ಲ ನೋಡಿದ್ರು, ಯಾಕಂದ್ರೆ ಆ ರೋಗ ಬಂದ್ರೆ ಮದ್ದಿಲ್ಲ, ಲಸಿಕೆ ಒಂದೇ, ಉಳಿದ ಕೋಳಿಗಳಿಗೂ ಹರಡ್ತದೆ. ಅದಲ್ಲ ಅಂತಾದ ಮೇಲೆ ಗ್ಲೌಸ್ ಹಾಕಿ ಕೆಳಹೊಟ್ಟೆ ಮುಟ್ಟಿ ನೋಡಿ, ನನ್ನ ಕೈ ಹಿಡಿದು ಅಲ್ಲೇ ಮುಟ್ಟಿಸಿದ್ರು. ಪುಕ್ಕದ ಅಡಿಯಲ್ಲಿ, ಚರ್ಮದ ಒಳಗೆ, ದೊಡ್ಡ ನಿಂಬೆ ಹಣ್ಣಿನ ಹಾಗೆ ಗಟ್ಟಿ ಗುಂಡು. ಮೊಟ್ಟೆ ಸಿಕ್ಕಿಹಾಕಿಕೊಂಡಿದೆ! ಇದನ್ನು ಹಾಗೇ ಬಿಟ್ರೆ ಒಂದೆರಡು ದಿನದಲ್ಲಿ ಕೋಳಿ ಹೋಗ್ತದೆ. ಒತ್ತಿ ಹೊರಗೆ ತೆಗಿಲಿಕ್ಕೆ ಮಾತ್ರ ಯಾವತ್ತೂ ನೋಡ್ಬೇಡಿ ಅಂತ ಎರಡೆರಡು ಸಲ ಹೇಳಿದ್ರು, ಒಳಗೆ ಮೊಟ್ಟೆ ಒಡೆದ್ರೆ ಚಿಪ್ಪಿನ ಚೂರು ಗಾಯ ಮಾಡಿ ಹೊಟ್ಟೆಯೊಳಗೆ ಸೋಂಕು ಆಗ್ತದೆ.

ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ರು, ದಾರಿ ಜಾರ್ಲಿಕ್ಕೆ ಲಿಕ್ವಿಡ್ ಪ್ಯಾರಾಫಿನ್ ಹಚ್ಚಿದ್ರು. ಕ್ಯಾಲ್ಸಿಯಂ ಚಿಪ್ಪಿಗೆ ಮಾತ್ರ ಬೇಕಾದ್ದು ಅಂತ ನಾನು ತಿಳ್ಕೊಂಡದ್ದು, ಮೊಟ್ಟೆಯನ್ನು ಹೊರಗೆ ದೂಡುವ ಸ್ನಾಯು ಬಿಗಿಯಾಗ್ಲಿಕ್ಕೂ ಅದೇ ಬೇಕಂತೆ. ಬಾಕಿ ಕೆಲಸ ಮನೆಯಲ್ಲಿ: ಬೆಚ್ಚಗಿನ ನೀರಲ್ಲಿ 20 ನಿಮಿಷ ಕೂರಿಸುದು, ಒಣಗಿಸುದು, ಬೆಚ್ಚಗೆ ಕತ್ತಲೆಯಲ್ಲಿ ಇಡುದು, ಸಂಜೆಯೊಳಗೆ ಆಗದಿದ್ರೆ ಪುನಃ ತರುದು.

ಮನೆಗೆ ಬಂದು ಹಂಡೆಯ ನೀರು ಬೆರೆಸಿ ಬಟ್ಟೆ ಒಗೆಯುವ ಟಬ್ಬಿಗೆ ಹಾಕಿದೆವು. ಕೋಳಿಯ ಮೈ ಬಿಸಿ ಸಾಧಾರಣ 41 ಡಿಗ್ರಿ, ಮನುಷ್ಯರಿಗಿಂತ ಜಾಸ್ತಿ, ಹಾಗಾಗಿ ನಮ್ಮ ಕೈಗೆ ಬೆಚ್ಚಗೆ ಹಿತ ಅನ್ನಿಸುವ ನೀರು, ಅಂದ್ರೆ 38-40 ಡಿಗ್ರಿ, ಅದಕ್ಕೆ ಸುಡುದಿಲ್ಲ, ಉಗುರು ಬೆಚ್ಚಗಾದ್ರೆ ಅದಕ್ಕೆ ತಣ್ಣಗೇ. ಒಂದು ಹಿಡಿ ಎಪ್ಸಮ್ ಸಾಲ್ಟ್ ಹಾಕಿದೆ, ಆ ನೀರನ್ನು ಕುಡಿಯದ ಹಾಗೆ ನೋಡ್ಕೊಳ್ಬೇಕು. ನೀರು ಎದೆಯವರೆಗೆ ಮಾತ್ರ. ಮೊದಲು ಎರಡು ನಿಮಿಷ ಕಾಲು ಬಡಿದಳು, ಮತ್ತೆ ಮೆಲ್ಲ ಭಾರ ಬಿಟ್ಟು ನನ್ನ ಅಂಗೈ ಮೇಲೆ ಕೂತಳು. ಕೋಳಿ ಕಣ್ಣು ಮುಚ್ಚುವಾಗ ಕೆಳಗಿನ ರೆಪ್ಪೆ ಮೇಲೆ ಬರುದು, ನಾನು ಇಷ್ಟು ವರ್ಷ ಕೋಳಿ ಸಾಕಿ ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ತೆಳು ಬೂದಿ ಬಣ್ಣದ ರೆಪ್ಪೆ ಮೆಲ್ಲ ಮೇಲೆ ಏರುದು, ಪುನಃ ಇಳಿಯುದು, ಮಗಳು ಜುಟ್ಟಿನ ಬುಡ ಸವರ್ತಾ ಕೂತಿದ್ದಾಳೆ, ನೀರು ತಣಿದ ಹಾಗೆ ಅಮ್ಮ ಬದಿಯಿಂದ ಚೊಂಬಲ್ಲಿ ಬಿಸಿ ನೀರು ಸೇರಿಸ್ತಿದ್ದಾರೆ. ಹಿಂದಿನ ದಿನ ಕಾವಿಗೆ ಕೂತದ್ದು ಅಂದಿದ್ದ ಅಮ್ಮ ಮಧ್ಯಾಹ್ನದ ಗಂಜಿಗೂ ಏಳ್ಲಿಲ್ಲ.

ಚಂಡಿ (ಒದ್ದೆ) ಕೋಳಿಯನ್ನು ಹಾಗೇ ಬಿಡ್ಬಾರ್ದು, ಎಷ್ಟು ಸೆಕೆ ಇದ್ರೂ ಅದಕ್ಕೆ ಚಳಿ ಹಿಡಿತದೆ. ಎರಡು ಬೈರಾಸಲ್ಲಿ ಒತ್ತಿ ಒತ್ತಿ ನೀರು ತೆಗೆದು (ಉಜ್ಜಿದ್ರೆ ಪುಕ್ಕ ಹಾಳಾಗ್ತದೆ), ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ದೂರದಿಂದ ಹಿಡಿದು ಒಣಗಿಸಿದೆವು. ಆಮೇಲೆ ಕೋಣೆಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆ, ಒಂದು ಬದಿಗೆ ಮಾತ್ರ 60 ವ್ಯಾಟಿನ ಹಳೆ ಕಾಲದ ಬಲ್ಬು. ಎಲ್‌ಇಡಿ ಬಲ್ಬಲ್ಲಿ ಬಿಸಿ ಬರುದಿಲ್ಲ, ಅದಕ್ಕೆ ಈ ಹಳೇ ಬಲ್ಬೇ ಬೇಕು, ಹುಡುಕ್ಲಿಕ್ಕೆ ಮೂರು ಅಂಗಡಿ ಸುತ್ತಬೇಕಾಯ್ತು. ಪೆಟ್ಟಿಗೆಯ ಇನ್ನೊಂದು ಬದಿ ತಣ್ಣಗಿರ್ಬೇಕು, ಸೆಕೆ ಆದ್ರೆ ಅದು ಸರಿದು ಕೂರ್ತದೆ. ರಟ್ಟಿಗೆ, ಬಟ್ಟೆಗೆ ಬಲ್ಬು ತಾಗದ ಹಾಗೆ ತಂತಿಯಲ್ಲಿ ಬಿಗಿಯಾಗಿ ಕಟ್ಟಿ, ಬೆಂಕಿ ಹಿಡಿಯುವ ವಿಷಯ ಅದು. ಈ ಬಲ್ಬಿಗೆ ಐದಕ್ಕೆ ಐದು.

ಇನ್ನೊಂದು ಐದಕ್ಕೆ ಐದು ಸೂಜಿ ಇಲ್ಲದ 1 ಎಂ.ಎಲ್. ಸಿರಿಂಜಿಗೆ. ಚಮಚದಲ್ಲಿ ನೀರು ಬಾಯಿಗೆ ಹೊಯ್ಯುದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು. ಕೋಳಿಗೆ ಶ್ವಾಸದ ದಾರಿ ಇರುದು ನಾಲಿಗೆಯ ಬುಡದಲ್ಲೇ, ಬಾಯಿ ಕಳ್ದು ಹೊಯ್ದ್ರೆ ನೇರ ಅದಕ್ಕೇ ಹೋಗಿ ಕೋಳಿ ಸಾಯ್ತದೆ, ನಾವು ರೋಗದಿಂದ ಸತ್ತದ್ದು ಅಂತ ಹೇಳ್ತೇವೆ. ಸಿರಿಂಜಲ್ಲಿ ಕೊಕ್ಕಿನ ಬದಿಗೆ ಒಂದೊಂದೇ ಹನಿ ಇಟ್ರೆ ಅದೇ ಚಪ್ಪರಿಸಿ ನುಂಗ್ತದೆ.

ಮೊಟ್ಟೆ ಬಂದದ್ದು ಎರಡನೇ ಸ್ನಾನ ಆಗಿ ಒಂದು ಗಂಟೆ ಕಳೆದ ಮೇಲೆ, ಸಂಜೆ ಐದಕ್ಕೆ ಹತ್ತಿರ. ಪೆಟ್ಟಿಗೆಯಿಂದ ಒಂದು ಸಣ್ಣ ಕೊಕ್ ಕೇಳಿತು ಅಷ್ಟೇ, ನೋಡಿದ್ರೆ ಗೋಣಿ ಮೇಲೆ ಮೊಟ್ಟೆ. ಅಡುಗೆ ಮನೆ ತಕ್ಕಡಿಯಲ್ಲಿ 78 ಗ್ರಾಂ, ಇವಳದ್ದು ಯಾವಾಗಲೂ 60ರ ಒಳಗೆ. ಚಿಪ್ಪು ಮರಳು ಕಾಗದದ ಹಾಗೆ ಒರಟು, ಒಂದು ಕಡೆ ಬೆರಳಿಟ್ರೆ ತಗ್ಗುವಷ್ಟು ತೆಳು, ತುದಿಯಲ್ಲಿ ಒಂದು ಗೆರೆ ರಕ್ತ. ಮಗಳು ಮೊಟ್ಟೆ ನೋಡ್ಲೇ ಇಲ್ಲ, ಕೆಂಪಿ ನೀರು ಕುಡಿತಾಳಾ ಅಂತ ನೋಡ್ತಾ ಕೂತಳು. ಕುಡಿದಳು. ಡಾಕ್ಟ್ರಿಗೆ ಫೋಟೋ ಕಳಿಸಿದ್ದಕ್ಕೆ, ರಕ್ತ ಇದೆ, ನಾಳೆ ಒಮ್ಮೆ ತನ್ನಿ ಅಂದ್ರು. ಹೋದದ್ದಕ್ಕೆ ಐದು ದಿನದ ಆಂಟಿಬಯೋಟಿಕ್ ಕೊಟ್ರು, ಆ ಐದು ದಿನವೂ, ಮದ್ದು ಮುಗಿದ ಮೇಲೆ ಅವರು ಹೇಳಿದಷ್ಟು ದಿನ ಕಳೆಯುವವರೆಗೂ ಮೊಟ್ಟೆ ತಿನ್ನಬಾರ್ದು, ಮಾರ್ಲೂಬಾರ್ದು. ಉಳಿದ ಕೋಳಿಗಳಿಂದ ದೂರ ಇಡಿ, ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೀರಿ, ಮುದ್ದು ಕೊಡ್ಬೇಡ ಅಂತ ಮಗಳಿಗೂ ಹೇಳಿದ್ರು, ಆರೋಗ್ಯದ ಕೋಳಿಯಲ್ಲೂ ಸಾಲ್ಮೊನೆಲ್ಲಾ (ಮನುಷ್ಯರ ಹೊಟ್ಟೆ ಕೆಡಿಸುವ ರೋಗಾಣು) ಇರಬಹುದು.

ಯಾಕೆ ಹೀಗಾಯ್ತು ಅಂತ ಅವತ್ತು ಅವರು ವಿವರಿಸಿದ್ದು ನನಗೆ ಮದ್ದಿಗಿಂತ ದೊಡ್ಡ ಉಪಕಾರ. ಊರ ಕೋಳಿ ವರ್ಷಕ್ಕೆ 60-80 ಮೊಟ್ಟೆ ಇಡುದು, ಗದ್ದೆ ತೋಟ ಕೆದಕಿ ಅದಕ್ಕೆ ಬೇಕಾದ್ದು ಅದೇ ಹುಡುಕ್ತದೆ. ಬಿ.ವಿ. 380 ಇಡುದು 300ರ ಹತ್ತಿರ. ಒಂದೊಂದು ಚಿಪ್ಪಿಗೆ 2 ಗ್ರಾಂ ಮೇಲೆ ಕ್ಯಾಲ್ಸಿಯಂ ಹೋಗ್ತದೆ, ತಿಂದದ್ದರಲ್ಲಿ ಸುಮಾರು ಅರ್ಧ ಮಾತ್ರ ಮೈಗೆ ಹಿಡಿಯುದು, ಅಂದ್ರೆ ದಿನಕ್ಕೆ 4 ಗ್ರಾಂ ಹತ್ತಿರ ಬೇಕು. ನಾವು ಹಾಕ್ತಿದ್ದದ್ದು ಕುಚ್ಚಲಕ್ಕಿ ಅನ್ನ, ತವುಡು, ಕಾಯಿ ಹಿಂಡಿ. ಅದರಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೇಲಿಂದ ಸೆಕೆ: ಸೆಕೆಗೆ ತಿನ್ನುದು ಕಡಿಮೆ, ಏದುಸಿರು ಬಿಟ್ಟು ಬಿಟ್ಟು ಚಿಪ್ಪು ಕಟ್ಟಲಿಕ್ಕೆ ಬೇಕಾದ ಕಾರ್ಬೊನೇಟೂ ರಕ್ತದಲ್ಲಿ ಕಡಿಮೆ ಆಗ್ತದೆ. ಇಷ್ಟು ಸಮಯ ಅವಳು ತನ್ನ ಎಲುಬಿಂದ ತೆಗೆದು ನಮಗೆ ಮೊಟ್ಟೆ ಕೊಟ್ಟದ್ದು. ಇದನ್ನು ಕೇಳಿ ಅಮ್ಮನ ಕಣ್ಣಲ್ಲಿ ನೀರು ಬಂತು.

ಹಾಗಾಗಿ ಈಗ ಲೇಯರ್ ಫೀಡ್, ಅಂದ್ರೆ ಮೊಟ್ಟೆ ಇಡುವ ಕೋಳಿಗೆ ಅಂತಲೇ ಮಾಡಿದ ತಿಂಡಿ. ಗೋಣಿ ಒಟ್ಟಿಗೆ ತಂದ್ರೆ ಅಗ್ಗ, ಆದ್ರೆ ಮೂರು ಕೋಳಿಗೆ ಮಳೆಗಾಲದಲ್ಲಿ ಬೂಸ್ಟು ಹಿಡಿತದೆ, ಐದೈದು ಕೆ.ಜಿ. ತನ್ನಿ. ಅದರ ಜೊತೆ ಬೇರೆ ತಟ್ಟೆಯಲ್ಲಿ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು. ಕುಂಬಳೆ ಮಾರ್ಕೆಟಿಂದ ಮರುವಾಯಿ ತಂದ ದಿನ ಚಿಪ್ಪು ಬಿಸಾಡದೆ ತೊಳೆದು ಬಿಸಿಲಲ್ಲಿ ಒಣಗಿಸಿ ಕಲ್ಲಲ್ಲಿ ಜಜ್ಜಿ ಇಡುದು, ಹುಡಿ ಮಾಡ್ಬಾರ್ದು, ಜೋಳದ ಕಾಳಿನಷ್ಟು ಚೂರು ಇರ್ಲಿ. ಚಿಪ್ಪು ಕಟ್ಟುವ ಕೆಲಸ ಹೆಚ್ಚು ನಡೆಯುದು ರಾತ್ರಿ, ದೊಡ್ಡ ಚೂರಾದ್ರೆ ಹೊಟ್ಟೆಯ ಗಿರಣಿಯಲ್ಲಿ ರಾತ್ರಿಯಿಡೀ ಮೆಲ್ಲ ಮೆಲ್ಲ ಕರಗ್ತದೆ. ಸಂಜೆ ಗೂಡಿಗೆ ಹೋಗುವ ಮೊದಲು ಹಾಕಿದ್ರೆ ಮೂರೂ ಅದಕ್ಕೇ ಮುಗಿಬೀಳ್ತವೆ. ಖರ್ಚು ಸೊನ್ನೆ.

ಇನ್ನು ಅರ್ಧ ಸ್ಟಾರಿನ ವಿಷಯ. ಓಪಿ ಮಧ್ಯಾಹ್ನಕ್ಕೆ ಮುಗಿತದೆ, ಕೋಳಿಗೆ ಹುಷಾರಿಲ್ಲ ಅಂತ ಗೊತ್ತಾಗುದು ಸಂಜೆ ಗೂಡಿಗೆ ಹಾಕುವಾಗ. ಸಂಚಾರಿ ಪಶು ಚಿಕಿತ್ಸೆಯ ಟೋಲ್ ಫ್ರೀ ನಂಬರ್ 1962, ಗೋಡೆಯಲ್ಲಿ ಬರೆದಿಡಿ. ಎರಡನೇದು ಬೋರ್ಡು. ಸಮಯ, ಲಸಿಕೆಯ ದಿನ, ಚೀಟಿ ಎಲ್ಲಿ ಮಾಡಿಸುದು, ಎಲ್ಲ ಮಲಯಾಳದಲ್ಲಿ ಮಾತ್ರ. ಮಾತಾಡಿದ್ರೆ ನಮಗೆ ಅರ್ಥ ಆಗ್ತದೆ, ಓದ್ಲಿಕ್ಕೆ ಅಮ್ಮನ ಪ್ರಾಯದವರಿಗೆ ಬರುದಿಲ್ಲ, ಕೋಳಿ ಸಾಕುದು ಹೆಚ್ಚು ಅವರೇ. ಮದ್ದಿನ ಚೀಟಿಯೂ ಹಾಗೇ ಇತ್ತು. ಅಮ್ಮ ಚೀಟಿ ತಿರುಗಿಸಿ ತಿರುಗಿಸಿ ನೋಡುದನ್ನು ಕಂಡು ಅಲ್ಲಿನ ಅಟೆಂಡರ್ ಅಣ್ಣ ಅದನ್ನು ತಗೊಂಡು ಹಿಂದಿನ ಬದಿಯಲ್ಲಿ ಕನ್ನಡದಲ್ಲಿ ಬರೆದು ಕೊಟ್ರು: "ಬೆಳಿಗ್ಗೆ 1, ರಾತ್ರಿ 1, ಕೊಕ್ಕಿನ ಬದಿಯಿಂದ, ಹೆದರ್ಬೇಡಿ." ಆ ಚೀಟಿ ಇನ್ನೂ ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಉಂಟು. ಅವರ ಒಳ್ಳೆ ಮನಸ್ಸಿಗೆ ಪೂರ್ತಿ ಮಾರ್ಕು, ಆದ್ರೆ ಅವರು ರಜೆ ಇರುವ ದಿನ ಅಮ್ಮನಂಥವರು ಬಂದ್ರೆ ಏನು ಮಾಡ್ಬೇಕು? ಕನ್ನಡದಲ್ಲೂ ಬೋರ್ಡ್ ಬೇಕು ಅಂತ ಒಂದು ಅರ್ಜಿ ಬರೆದು ಕೊಟ್ಟಿದ್ದೇನೆ. ಬರುವ ತಿಂಗಳು ಮೂರೂ ಕೋಳಿಯ ಲಸಿಕೆಗೆ ಹೋಗ್ಲಿಕ್ಕೆ ಉಂಟು, ಅಷ್ಟರಲ್ಲಿ ಬೋರ್ಡ್ ಬಂದಿದ್ರೆ ಆ ಅರ್ಧ ಸ್ಟಾರೂ ಸೇರಿಸ್ತೇನೆ.